ಬಿಸಿಲಿನಲ್ಲಿ ಮೂಡುವ ನೀಲಿ ಅಚ್ಚು: ಅರಿವು ಕೇಂದ್ರದ ಶಿಬಿರಕ್ಕೆ ಅನುಮತಿ ನೀಡುವ ಮುನ್ನ ಸದಸ್ಯರು ತಿಳಿದಿರಬೇಕಾದ ವಿಷಯಗಳು

ಗ್ರಾಮ ಪಂಚಾಯತಿಯ ಸಭೆಗಳಲ್ಲಿ ‘ನೀಲನಕ್ಷೆ’ ಎಂಬ ಪದವನ್ನು ಕೇಳದ ಸದಸ್ಯರಿಲ್ಲ. ಅಂಗನವಾಡಿ ಕಟ್ಟಡವಿರಲಿ, ಚೆಕ್ ಡ್ಯಾಂ ಇರಲಿ, ಅಂದಾಜುಪಟ್ಟಿಯೊಡನೆ ನೀಲನಕ್ಷೆಯೂ ಇರಬೇಕೆಂಬುದು ರೂಢಿ. ಇಂದು ಆ ನಕ್ಷೆಯು ಬಿಳಿ ಹಾಳೆಯ ಮೇಲೆ ಕಪ್ಪು ಗೆರೆಗಳಲ್ಲಿ ಮುದ್ರಣಗೊಂಡು ಬರುತ್ತದೆ. ಅದರಲ್ಲಿ ನೀಲಿಯ ಸುಳಿವೂ ಇರುವುದಿಲ್ಲ. ಬಣ್ಣ ಹೋಗಿ ಹೆಸರು ಮಾತ್ರ ಉಳಿದಿದೆ. ಆ ಹೆಸರಿಗೆ ಕಾರಣವಾದ ವಿಧಾನವೇ ‘ಸೈನೋಟೈಪ್’. ಎರಡು ಬಗೆಯ ಕಬ್ಬಿಣದ ಲವಣಗಳನ್ನು ಕಾಗದಕ್ಕೆ ಲೇಪಿಸಿ, ಬಿಸಿಲಿಗೆ ಒಡ್ಡಿ, ನೀರಿನಲ್ಲಿ ತೊಳೆದು ನೀಲಿ ಚಿತ್ರ ಪಡೆಯುವ ಈ ವಿಧಾನಕ್ಕೆ ಯಂತ್ರ ಬೇಕಿಲ್ಲ, ವಿದ್ಯುತ್ತೂ ಬೇಕಿಲ್ಲ.

ಮಕ್ಕಳಿಗೆ ವಿಜ್ಞಾನವನ್ನು ಕೈಯಾರೆ ಕಲಿಸಲು ಇದು ಅತ್ಯಂತ ಸರಳವಾದ ಪ್ರಯೋಗಗಳಲ್ಲಿ ಒಂದು. ಬಿಸಿಲಿಗೆ ಕೊರತೆಯಿಲ್ಲದ ಆಳಂದ ತಾಲ್ಲೂಕಿಗೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ. ಅರಿವು ಕೇಂದ್ರದ ಬೇಸಿಗೆ ಶಿಬಿರದಲ್ಲಿ ಅಥವಾ ಶಾಲೆಯ ವಿಜ್ಞಾನ ದಿನದಂದು ಇಂಥ ಪ್ರಯೋಗ ನಡೆಸಲು ಅನುಮತಿ ಮತ್ತು ಅಲ್ಪ ವೆಚ್ಚ ಕೋರಿ ಗ್ರಾಮ ಪಂಚಾಯತಿಗೆ ಅರ್ಜಿ ಬರಬಹುದು. ಆಗ ಎರಡು ಬಗೆಯಲ್ಲಿ ತಪ್ಪು ನಿರ್ಣಯವಾಗುವ ಸಂಭವವಿದೆ. ಸಾಮಗ್ರಿಗಳ ಪಟ್ಟಿಯಲ್ಲಿ ‘ಫೆರಿಸೈನೈಡ್’ ಎಂಬ ಹೆಸರನ್ನು ಕಂಡು, ಸೈನೈಡ್ ಎಂದರೆ ವಿಷವೆಂದು ಅಂಜಿ ಅರ್ಜಿಯನ್ನು ತಿರಸ್ಕರಿಸುವುದು ಒಂದು. ಮಕ್ಕಳ ಚಿತ್ರಕಲೆಯಷ್ಟೇ ಎಂದು ಭಾವಿಸಿ ಯಾವ ಷರತ್ತನ್ನೂ ವಿಧಿಸದೆ ಒಪ್ಪಿಗೆ ನೀಡುವುದು ಇನ್ನೊಂದು. ಮೊದಲನೆಯದರಿಂದ ಮಕ್ಕಳಿಗೆ ಒಂದು ಒಳ್ಳೆಯ ಕಲಿಕೆ ತಪ್ಪುತ್ತದೆ. ಎರಡನೆಯದರಿಂದ ಮಗುವೊಂದಕ್ಕೆ ಅಪಾಯವಾಗಬಹುದು. ಅಪಾಯವು ಹೆಸರಿನಲ್ಲಿಲ್ಲ; ಪುಡಿ, ಆಮ್ಲ, ಬಿಸಿಲು ಮತ್ತು ತೊಳೆದ ನೀರು ಎಂಬ ನಾಲ್ಕು ಕಡೆ ಇದೆ. ಅವುಗಳನ್ನು ಷರತ್ತುಗಳಿಂದ ಕಟ್ಟಿದರೆ ಅನುಮತಿ ನೀಡಲು ಅಂಜಬೇಕಾಗಿಲ್ಲ.

ವಿಧಾನದ ಹಿನ್ನೆಲೆ

ಇಂಗ್ಲೆಂಡಿನ ವಿಜ್ಞಾನಿ ಸರ್ ಜಾನ್ ಹರ್ಷೆಲ್ ಅವರು 1842ರಲ್ಲಿ ಈ ವಿಧಾನವನ್ನು ಕಂಡುಹಿಡಿದರು. ಮರುವರ್ಷ, ಅಂದರೆ 1843ರಲ್ಲಿ, ಅನ್ನಾ ಅಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಪಾಚಿ ಜಾತಿಯ ಸಸ್ಯಗಳನ್ನು ಲೇಪಿತ ಕಾಗದದ ಮೇಲಿಟ್ಟು, ಬಿಸಿಲಿನಿಂದಲೇ ಅವುಗಳ ಅಚ್ಚು ಪಡೆದು ಪುಸ್ತಕವಾಗಿ ಹೊರತರಲು ಆರಂಭಿಸಿದರು. ಛಾಯಾಚಿತ್ರಗಳನ್ನೊಳಗೊಂಡ ಮೊತ್ತಮೊದಲ ಪುಸ್ತಕವೆಂದು ಅದನ್ನು ಪರಿಗಣಿಸಲಾಗಿದೆ. ಕ್ಯಾಮೆರಾ ಇಲ್ಲದೆ, ಎಲೆಯ ನೆರಳಿನಿಂದಲೇ ಎಲೆಯ ನಿಖರ ಅಳತೆಯನ್ನು ದಾಖಲಿಸುವ ಆ ಕ್ರಮವು ನಮ್ಮ ಪಂಚಾಯತಿಗಳಿಗೂ ಉಪಯುಕ್ತವಾದದ್ದು. ಅದರ ವಿವರ ಮುಂದೆ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಎಂಜಿನಿಯರಿಂಗ್ ಕಚೇರಿಗಳು ಇದೇ ವಿಧಾನವನ್ನು ನಕ್ಷೆಗಳ ಪ್ರತಿ ತೆಗೆಯಲು ಬಳಸತೊಡಗಿದವು. ಪಾರದರ್ಶಕ ಹಾಳೆಯ ಮೇಲೆ ಶಾಯಿಯಿಂದ ಬರೆದ ನಕ್ಷೆಯನ್ನು ಲೇಪಿತ ಕಾಗದದ ಮೇಲಿಟ್ಟು ಬೆಳಕಿಗೆ ಒಡ್ಡಿದಾಗ, ಗೆರೆಗಳ ಕೆಳಗಿನ ಭಾಗಕ್ಕೆ ಬೆಳಕು ತಾಗದೆ ಅದು ಬಿಳಿಯಾಗಿ ಉಳಿಯುತ್ತಿತ್ತು; ಉಳಿದ ಭಾಗವೆಲ್ಲ ನೀಲಿಯಾಗುತ್ತಿತ್ತು. ನೀಲಿ ಹಾಳೆಯ ಮೇಲಿನ ಬಿಳಿ ಗೆರೆಗಳ ಆ ನಕ್ಷೆಯೇ ನೀಲನಕ್ಷೆ. ಮುಂದೆ ಅಮೋನಿಯಾ ಪ್ರಿಂಟ್ ಬಂದಿತು. ಈಗ ಗಣಕಯಂತ್ರದ ಮುದ್ರಣವೇ ನಡೆದಿದೆ.

ಅಚ್ಚು ಮೂಡುವ ಬಗೆ

ಈ ವಿಧಾನಕ್ಕೆ ಬೇಕಾದ ರಾಸಾಯನಿಕಗಳು ಎರಡೇ. ಮೊದಲನೆಯದು ಫೆರಿಕ್ ಅಮೋನಿಯಂ ಸಿಟ್ರೇಟ್. ಇದು ಹಸಿರು ಅಥವಾ ಕಂದು ಬಣ್ಣದ ಕಬ್ಬಿಣದ ಲವಣ. ರಕ್ತಹೀನತೆಗೆ ನೀಡುವ ಹಲವು ಟಾನಿಕ್‌ಗಳಲ್ಲಿಯೂ ಇದೇ ಲವಣವಿರುತ್ತದೆ. ಎರಡನೆಯದು ಪೊಟ್ಯಾಸಿಯಂ ಫೆರಿಸೈನೈಡ್. ಇದು ಮಾಣಿಕ್ಯದಂತೆ ಕೆಂಪಾದ ಹರಳು.

ಪ್ರತ್ಯೇಕ ಬಾಟಲಿಗಳಲ್ಲಿ 100 ಮಿ.ಲೀ. ನೀರಿಗೆ ಮೊದಲನೆಯದನ್ನು 25 ಗ್ರಾಂ, ಇನ್ನೊಂದು 100 ಮಿ.ಲೀ. ನೀರಿಗೆ ಎರಡನೆಯದನ್ನು 10 ಗ್ರಾಂ ಕರಗಿಸಲಾಗುತ್ತದೆ. ಬಳಸುವ ದಿನ ಮಾತ್ರ ಎರಡು ದ್ರಾವಣಗಳನ್ನು ಸಮಪ್ರಮಾಣದಲ್ಲಿ ಬೆರೆಸಿ, ಮಂದ ಬೆಳಕಿನ ಕೋಣೆಯಲ್ಲಿ ಡ್ರಾಯಿಂಗ್ ಹಾಳೆಗೆ ಕುಂಚದಿಂದ ತೆಳುವಾಗಿ ಲೇಪಿಸಿ, ಕತ್ತಲಲ್ಲಿ ಒಣಗಿಸಬೇಕು. ಒಣಗಿದ ಹಾಳೆ ಹಳದಿ ಮಿಶ್ರಿತ ಹಸಿರಾಗಿ ಕಾಣುತ್ತದೆ. ಅದರ ಮೇಲೆ ಎಲೆಯನ್ನಿಟ್ಟು, ಪಾರದರ್ಶಕ ಹಾಳೆಯಿಂದ ಒತ್ತಿಹಿಡಿದು ಬಿಸಿಲಿಗೆ ಇಡಬೇಕು.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಮೊದಲ ಲವಣದ ಫೆರಿಕ್ ಕಬ್ಬಿಣವನ್ನು ಫೆರಸ್ ಕಬ್ಬಿಣವಾಗಿ ಮಾರ್ಪಡಿಸುತ್ತವೆ. ಹೀಗೆ ಮಾರ್ಪಟ್ಟ ಕಬ್ಬಿಣವು ಫೆರಿಸೈನೈಡ್‌ನೊಂದಿಗೆ ಕೂಡಿ ‘ಪ್ರಷ್ಯನ್ ನೀಲಿ’ ಎಂಬ ವರ್ಣದ್ರವ್ಯವಾಗುತ್ತದೆ. ಈ ನೀಲಿ ನೀರಿನಲ್ಲಿ ಕರಗುವುದಿಲ್ಲ. ಕಾಗದದ ಎಳೆಗಳಲ್ಲಿ ಹಿಡಿದುಕೊಳ್ಳುತ್ತದೆ. ಎಲೆಯ ನೆರಳಿದ್ದ ಕಡೆ ಬದಲಾವಣೆ ಆಗಿರುವುದಿಲ್ಲವಾದ್ದರಿಂದ ಅಲ್ಲಿನ ಲವಣಗಳು ನೀರಿನಲ್ಲಿ ಕರಗಿ ಹೋಗುತ್ತವೆ. ನೀಲಿ ಹಿನ್ನೆಲೆಯಲ್ಲಿ ಬಿಳಿ ಎಲೆ ಉಳಿಯುತ್ತದೆ. ತೊಳೆದ ಹಾಳೆಯನ್ನು ನೆರಳಿನಲ್ಲಿ ಒಣಗಿಸಿದರೆ ಒಂದು ದಿನದೊಳಗೆ ಗಾಳಿಯ ಆಮ್ಲಜನಕದಿಂದಲೇ ನೀಲಿ ಗಾಢವಾಗುತ್ತದೆ. ಬಣ್ಣ ಬೇಗ ಬರಲೆಂದು ಹೈಡ್ರೋಜನ್ ಪೆರಾಕ್ಸೈಡ್ ಬಳಸುವವರಿದ್ದಾರೆ. ಮಕ್ಕಳ ಶಿಬಿರಕ್ಕೆ ಅದರ ಅಗತ್ಯವಿಲ್ಲ.

‘ಸೈನೈಡ್’ ಎಂಬ ಹೆಸರು: ಅಂಜಿಕೆ ಎಲ್ಲಿ, ಎಚ್ಚರ ಎಲ್ಲಿ

ಪೊಟ್ಯಾಸಿಯಂ ಸೈನೈಡ್ ಬೇರೆ, ಪೊಟ್ಯಾಸಿಯಂ ಫೆರಿಸೈನೈಡ್ ಬೇರೆ. ಮೊದಲನೆಯದು ಅತ್ಯಲ್ಪ ಪ್ರಮಾಣದಲ್ಲಿಯೇ ಪ್ರಾಣ ತೆಗೆಯುವ ಬಿಳಿ ವಿಷ. ಎರಡನೆಯದರಲ್ಲಿ ಸೈನೈಡ್ ಕಣಗಳು ಕಬ್ಬಿಣದೊಂದಿಗೆ ಬಹಳ ಬಿಗಿಯಾಗಿ ಬಂಧಿತವಾಗಿರುತ್ತವೆ. ಸಾಮಾನ್ಯ ಬಳಕೆಯಲ್ಲಿ ಆ ಬಂಧ ಬಿಡುವುದಿಲ್ಲ. ಆದ್ದರಿಂದ ಅದರ ವಿಷಗುಣ ಕಡಿಮೆ. ಕೊನೆಯಲ್ಲಿ ದೊರೆಯುವ ಪ್ರಷ್ಯನ್ ನೀಲಿಯಂತೂ ಥ್ಯಾಲಿಯಂ ವಿಷಪ್ರಾಶನಕ್ಕೆ ಪ್ರತ್ಯೌಷಧವಾಗಿ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿಯೂ ಅದು ಸೇರಿದೆ.

ಹಾಗಾದರೆ ಎಚ್ಚರ ಏಕೆ ಬೇಕು? ಇದಕ್ಕೆ ಉತ್ತರ ಸೈನೈಡ್‌ನ ಇತಿಹಾಸದಲ್ಲಿಯೇ ಇದೆ. 1782ರಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಅವರು ಪ್ರಷ್ಯನ್ ನೀಲಿಯನ್ನು ಆಮ್ಲದೊಂದಿಗೆ ಕಾಯಿಸಿ ಹೊಸದೊಂದು ಪದಾರ್ಥವನ್ನು ಪಡೆದರು. ಅದೇ ಇಂದು ಹೈಡ್ರೋಜನ್ ಸೈನೈಡ್ ಎಂದು ಕರೆಯುವ ಮಾರಕ ವಿಷ. ಸೈನೈಡ್ ಎಂಬ ಹೆಸರು ನೀಲಿ ಬಣ್ಣ ಸೂಚಿಸುವ ಗ್ರೀಕ್ ಪದದಿಂದ ಬಂದದ್ದು ಈ ಸಂಬಂಧದಿಂದಲೇ. ತಣ್ಣೀರಿನಲ್ಲಿ ನಿರುಪದ್ರವಿಯಾಗಿರುವ ವಸ್ತು, ಪ್ರಬಲ ಆಮ್ಲ ಮತ್ತು ಶಾಖ ಸೇರಿದಾಗ ವಿಷಾನಿಲ ಬಿಡಬಲ್ಲದು ಎಂಬುದನ್ನು ಆ ಪ್ರಯೋಗ ತೋರಿಸಿಕೊಟ್ಟಿತು.

ಆದಕಾರಣ ಕೆಳಗಿನ ನಾಲ್ಕು ನಿಷೇಧಗಳನ್ನು ಯಾವ ಸಂದರ್ಭದಲ್ಲಿಯೂ ಸಡಿಲಿಸಬಾರದು:

1. ಶೌಚಾಲಯ ತೊಳೆಯುವ ಆಮ್ಲ, ಬ್ಯಾಟರಿ ಆಮ್ಲ ಅಥವಾ ಬೇರೆ ಯಾವುದೇ ಪ್ರಬಲ ಆಮ್ಲವನ್ನು ಈ ರಾಸಾಯನಿಕಗಳ ಹತ್ತಿರ ತರಬಾರದು.
2. ಪುಡಿಯನ್ನಾಗಲಿ ದ್ರಾವಣವನ್ನಾಗಲಿ ಒಲೆಯ ಮೇಲೆ ಕಾಯಿಸಬಾರದು.
3. ಖಾಲಿ ಪೊಟ್ಟಣ, ಲೇಪಿತ ಹಾಳೆ, ಹಾಳಾದ ಅಚ್ಚುಗಳನ್ನು ಕಸದೊಂದಿಗೆ ಸುಡಬಾರದು.
4. ಬ್ಲೀಚಿಂಗ್ ಪೌಡರ್ ಅಥವಾ ಇತರ ಶುಚಿಕಾರಕಗಳನ್ನು ಇವುಗಳೊಂದಿಗೆ ಬೆರೆಸಬಾರದು.

ಕೆಲವು ಪಾಕವಿಧಾನಗಳಲ್ಲಿ ಡೈಕ್ರೋಮೇಟ್ ಅಥವಾ ಆಕ್ಸಲೇಟ್ ಲವಣಗಳನ್ನು ಸೇರಿಸಲು ಸೂಚಿಸಿರುತ್ತದೆ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ, ಆಕ್ಸಲೇಟ್ ಹೊಟ್ಟೆ ಸೇರಿದರೆ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಅರ್ಜಿಯೊಂದಿಗಿನ ಸಾಮಗ್ರಿ ಪಟ್ಟಿಯಲ್ಲಿ ಇವೆರಡರಲ್ಲಿ ಯಾವುದಿದ್ದರೂ ಅದನ್ನು ಕೈಬಿಡುವಂತೆ ಸೂಚಿಸತಕ್ಕದ್ದು.

ಖರೀದಿ ಮತ್ತು ದಾಸ್ತಾನು

ಬೇಕಾಗುವ ಪ್ರಮಾಣ ಬಹಳ ಅಲ್ಪ. ಎ-4 ಅಳತೆಯ ಒಂದು ಹಾಳೆಗೆ ಸುಮಾರು 2 ಮಿ.ಲೀ. ಮಿಶ್ರಣ ಸಾಕು. ಮೂವತ್ತು ಮಕ್ಕಳಿಗೆ ಎ-4ರ ಅರ್ಧ ಅಳತೆಯ ಒಂದೊಂದು ಹಾಳೆಯಂತೆ ಲೆಕ್ಕ ಹಾಕಿದರೆ 30 ಮಿ.ಲೀ.; ಪರೀಕ್ಷೆಗೆ ಮತ್ತು ಹಾಳಾಗುವುದಕ್ಕೆಂದು 10 ಮಿ.ಲೀ. ಸೇರಿಸಿದರೂ ಒಟ್ಟು 40 ಮಿ.ಲೀ. ಮಿಶ್ರಣ. ಇದರಲ್ಲಿರುವ ಒಣ ಲವಣ ಸುಮಾರು 5 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು 2 ಗ್ರಾಂ ಪೊಟ್ಯಾಸಿಯಂ ಫೆರಿಸೈನೈಡ್ ಮಾತ್ರ. ಆದ್ದರಿಂದ ಕಿಲೋಗಟ್ಟಲೆ ರಾಸಾಯನಿಕ ಕೋರಿದ ಬೇಡಿಕೆಪಟ್ಟಿ ಬಂದರೆ ಸದಸ್ಯರು ಅದನ್ನು ಪ್ರಶ್ನಿಸಬೇಕು. ಹಣದ ಅಪವ್ಯಯಕ್ಕಿಂತಲೂ, ಉಳಿದ ರಾಸಾಯನಿಕವು ವರ್ಷಗಟ್ಟಲೆ ಕಪಾಟಿನಲ್ಲಿ ಬಿದ್ದಿರುವುದು ದೊಡ್ಡ ತೊಂದರೆ. ಒಂದಕ್ಕಿಂತ ಹೆಚ್ಚು ಗ್ರಾಮ ಪಂಚಾಯತಿಗಳು ಒಂದೇ ಪೊಟ್ಟಣವನ್ನು ಹಂಚಿಕೊಳ್ಳುವುದು ಅಪೇಕ್ಷಣೀಯ.

ಖರೀದಿಯ ವೇಳೆ ಲೇಬಲ್ ಮೇಲಿನ ಸಿಎಎಸ್ ಸಂಖ್ಯೆಯನ್ನು ಪರಿಶೀಲಿಸಬೇಕು. ಪ್ರತಿಯೊಂದು ರಾಸಾಯನಿಕಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ ಇರುವುದರಿಂದ ಹೆಸರುಗಳ ಹೋಲಿಕೆಯಿಂದ ಆಗಬಹುದಾದ ಪ್ರಮಾದ ಇದರಿಂದ ತಪ್ಪುತ್ತದೆ. ಪೊಟ್ಯಾಸಿಯಂ ಫೆರಿಸೈನೈಡ್‌ನ ಸಂಖ್ಯೆ 13746-66-2. ಫೆರಿಕ್ ಅಮೋನಿಯಂ ಸಿಟ್ರೇಟ್‌ನ ಸಂಖ್ಯೆ 1185-57-5. ಲೇಬಲ್ ಮೇಲೆ 151-50-8 ಎಂದಿದ್ದರೆ ಅದು ಪೊಟ್ಯಾಸಿಯಂ ಸೈನೈಡ್. ಅದನ್ನು ಸ್ವೀಕರಿಸಬಾರದು, ತೆರೆಯಲೂಬಾರದು. ಹರಳಿನ ಬಣ್ಣ ಕೆಂಪಾಗಿರದಿದ್ದರೆ ಅದನ್ನೂ ಹಿಂದಿರುಗಿಸಬೇಕು.

ದಾಸ್ತಾನಿನ ವಿಷಯದಲ್ಲಿ ಗ್ರಾಮಗಳಲ್ಲಿ ಮೇಲಿಂದ ಮೇಲೆ ಕಂಡುಬರುವ ಅಪಾಯವೆಂದರೆ ಕೀಟನಾಶಕ, ಫಿನೈಲ್ ಮುಂತಾದವುಗಳನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿಡುವುದು. ಸೈನೋಟೈಪ್ ದ್ರಾವಣಗಳ ಹಳದಿ, ಕಂದು ಬಣ್ಣವೂ ಪಾನೀಯವನ್ನೇ ಹೋಲುತ್ತದೆ. ಬೇಸಿಗೆಯಲ್ಲಿ ಬಾಯಾರಿದ ಮಗು ಬಾಟಲಿಯ ಆಕಾರವನ್ನು ನೋಡುತ್ತದೆಯೇ ಹೊರತು ಲೇಬಲ್ ಓದುವುದಿಲ್ಲ. ಆದ್ದರಿಂದ ದ್ರಾವಣಗಳನ್ನು ಔಷಧದ ಅಂಗಡಿಯಲ್ಲಿ ಅಥವಾ ಪ್ರಯೋಗಾಲಯ ಸಾಮಗ್ರಿಯ ಅಂಗಡಿಯಲ್ಲಿ ದೊರೆಯುವ ಕಂದು ಬಣ್ಣದ ಬಾಟಲಿಗಳಲ್ಲಿಯೇ ಇಡಬೇಕು. ‘ಕುಡಿಯಬಾರದು’ ಎಂದು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು, ದಿನಾಂಕ ನಮೂದಿಸಿ, ಬೀಗವಿರುವ ಕಪಾಟಿನಲ್ಲಿಟ್ಟು ಕೀಲಿಯನ್ನು ಒಬ್ಬರ ಜವಾಬ್ದಾರಿಗೆ ವಹಿಸಬೇಕು. ಅಕ್ಷರ ದಾಸೋಹದ ಅಡುಗೆಕೋಣೆಯ ಯಾವ ಪಾತ್ರೆ, ಲೋಟ, ಚಮಚವನ್ನೂ ಈ ಕೆಲಸಕ್ಕೆ ತರಬಾರದು. ಒಮ್ಮೆ ಇದಕ್ಕೆ ಬಳಸಿದ ಟಬ್ಬು, ಕುಂಚಗಳನ್ನು ಬೇರಾವ ಕೆಲಸಕ್ಕೂ ಬಳಸಬಾರದು.

ಯಾರು ಯಾವ ಕೆಲಸ ಮಾಡಬೇಕು

ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ಕೆಲಸವನ್ನು ಮೂರು ಹಂತಗಳಾಗಿ ವಿಂಗಡಿಸುವುದು ಒಳ್ಳೆಯದು.

ಮೊದಲ ಹಂತ, ಪುಡಿ ತೂಗಿ ದ್ರಾವಣ ಮಾಡುವುದು. ಇದು ವಿಜ್ಞಾನ ಶಿಕ್ಷಕರೊಬ್ಬರ ಕೆಲಸ. ಮಕ್ಕಳಿರುವ ಸ್ಥಳದಲ್ಲಿ ಇದನ್ನು ಮಾಡಬಾರದು. ಪುಡಿಯ ಧೂಳು ಮೂಗು, ಕಣ್ಣುಗಳಿಗೆ ಉರಿ ತರುತ್ತದೆಯಾದ್ದರಿಂದ ಕೈಗವಸು, ಮಾಸ್ಕ್ ಹಾಗೂ ಕನ್ನಡಕ ಧರಿಸಿ, ಫ್ಯಾನ್ ಆರಿಸಿ, ಕಿಟಕಿ ತೆರೆದಿಟ್ಟು ಮಾಡಬೇಕು. ಒಮ್ಮೆ ನೀರಿನಲ್ಲಿ ಕರಗಿದ ಮೇಲೆ ಧೂಳಿನ ಅಪಾಯ ಮುಗಿಯುತ್ತದೆ.

ಎರಡನೆಯ ಹಂತ, ಹಾಳೆಗಳಿಗೆ ಲೇಪಿಸುವುದು. ಇದನ್ನು ಶಿಬಿರದ ಹಿಂದಿನ ಸಂಜೆ ಶಿಕ್ಷಕರು ಮತ್ತು ಅರಿವು ಕೇಂದ್ರದ ಮೇಲ್ವಿಚಾರಕರು ಮಾಡಿ, ಒಣಗಿದ ಹಾಳೆಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಇಡತಕ್ಕದ್ದು. ಪ್ರೌಢಶಾಲೆಯ ಮಕ್ಕಳು ಕೈಗವಸು ಧರಿಸಿ ಇದರಲ್ಲಿ ಪಾಲ್ಗೊಳ್ಳಬಹುದು. ಚಿಕ್ಕ ಮಕ್ಕಳಿಗೆ ದ್ರಾವಣ ಮುಟ್ಟಲು ಅವಕಾಶ ಕೊಡಬಾರದು.

ಮೂರನೆಯ ಹಂತ, ಎಲೆ ಜೋಡಿಸುವುದು, ಬಿಸಿಲಿಗಿಡುವುದು ಮತ್ತು ತೊಳೆಯುವುದು. ಮಕ್ಕಳಿಗೆ ನಿಜವಾದ ಆನಂದವಿರುವುದು ಇದರಲ್ಲಿಯೇ. ಹಸಿರು ಹಾಳೆ ಬಿಸಿಲಿನಲ್ಲಿ ಬೂದಿ ಬಣ್ಣಕ್ಕೆ ತಿರುಗಿ, ನೀರಿಗೆ ಹಾಕಿದೊಡನೆ ನೀಲಿಯಾಗುವುದನ್ನು ಪ್ರತಿಯೊಂದು ಮಗುವೂ ಕಣ್ಣಾರೆ ಕಾಣಬೇಕು. ತೊಳೆಯುವಾಗ ಕೈಗವಸು ಇರಬೇಕು. ಆ ಜಾಗದಲ್ಲಿ ತಿಂಡಿ, ಚಹಾ, ಕುಡಿಯುವ ನೀರು ಇರಬಾರದು. ಮುಗಿದ ಮೇಲೆ ಎಲ್ಲರೂ ಸಾಬೂನಿನಿಂದ ಕೈ ತೊಳೆದ ನಂತರವೇ ಉಪಾಹಾರ ಕೊಡಬೇಕು. ಬಟ್ಟೆಗೆ ತಾಗಿದ ಕಲೆ ಸುಲಭವಾಗಿ ಹೋಗುವುದಿಲ್ಲವಾದ್ದರಿಂದ ಹಳೆಯ ಬಟ್ಟೆ ತೊಟ್ಟು ಬರುವಂತೆ ಮೊದಲೇ ತಿಳಿಸಬೇಕು.

ಒತ್ತಲು ಗಾಜಿನ ಬದಲು ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಳಸುವುದು ಲೇಸು. ಗಾಜೇ ಇದ್ದಲ್ಲಿ ಅದರ ಅಂಚುಗಳಿಗೆ ಟೇಪ್ ಸುತ್ತಿರಬೇಕು.

ಬಿಸಿಲಿನ ವಿಚಾರ

ರಾಸಾಯನಿಕಗಳಿಗಿಂತ ಹೆಚ್ಚು ಅಪಾಯ ನಮ್ಮ ಭಾಗದಲ್ಲಿ ಬಿಸಿಲಿನಿಂದಲೇ ಇದೆ ಎಂದರೆ ತಪ್ಪಾಗದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಈ ಕಾರಣದಿಂದಲೇ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪದ್ಧತಿ ಇದೆ. ದೊಡ್ಡವರ ಕಚೇರಿಗೆ ಅನ್ವಯಿಸುವ ಈ ವಿವೇಕ ಮಕ್ಕಳ ಶಿಬಿರಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸಬೇಕು.

ಮೇ ತಿಂಗಳ ಎರಡನೆಯ ವಾರದ ಆಸುಪಾಸಿನಲ್ಲಿ ಆಳಂದ ಪ್ರದೇಶದಲ್ಲಿ ನಡು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅತಿನೇರಳೆ ಕಿರಣಗಳೂ ಆಗ ಅತಿ ಹೆಚ್ಚು. ಆದರೆ ಅಚ್ಚು ಮೂಡಲು ಅಷ್ಟು ಪ್ರಖರತೆ ಬೇಕಿಲ್ಲ. ಬೆಳಿಗ್ಗೆ 8ರಿಂದ 10ರವರೆಗಿನ ಬಿಸಿಲೇ ಸಾಕು. ನಿರ್ಮಲ ಆಕಾಶದಲ್ಲಿ ಸಾಮಾನ್ಯವಾಗಿ 5ರಿಂದ 15 ನಿಮಿಷದಲ್ಲಿ ಅಚ್ಚು ಸಿದ್ಧವಾಗುತ್ತದೆ. ಮೋಡವಿದ್ದರೆ ಇನ್ನೂ ಹೆಚ್ಚು ಸಮಯ ಬೇಕು. ನಿಖರ ಸಮಯ ತಿಳಿಯಲು ಲೇಪಿತ ಹಾಳೆಯ ಒಂದು ಪಟ್ಟಿಯನ್ನು ಮೂರು ಭಾಗ ಮಾಡಿ 4, 8 ಮತ್ತು 12 ನಿಮಿಷ ಬಿಸಿಲಿಗಿಟ್ಟು ತೊಳೆದು ನೋಡಬೇಕು.

ಬಿಸಿಲು ಬೀಳಬೇಕಾದದ್ದು ಹಾಳೆಯ ಮೇಲೆಯೇ ಹೊರತು ಮಗುವಿನ ತಲೆಯ ಮೇಲಲ್ಲ. ಹಾಳೆಯನ್ನು ಇಟ್ಟು ಮಕ್ಕಳು ನೆರಳಿಗೆ ಬಂದು, ಸಮಯವಾದಾಗ ಹೋಗಿ ತಂದರೆ ಸಾಕು. ಟೋಪಿ ಅಥವಾ ಟವೆಲ್, ಕುಡಿಯುವ ನೀರು, ಓಆರ್‌ಎಸ್ ಪೊಟ್ಟಣಗಳು ಸ್ಥಳದಲ್ಲಿರಬೇಕು. ಜಿಲ್ಲಾಡಳಿತವು ಬಿಸಿಗಾಳಿಯ ಎಚ್ಚರಿಕೆ ನೀಡಿದ ದಿನ ಶಿಬಿರವನ್ನು ಮುಂದೂಡಬೇಕು. ಚಳಿಗಾಲದ ಹಿತವಾದ ಬಿಸಿಲಿನಲ್ಲಿಯೂ ಈ ಪ್ರಯೋಗ ಚೆನ್ನಾಗಿಯೇ ಆಗುತ್ತದೆ.

ನೀರು: ಗುಣ, ಪ್ರಮಾಣ ಮತ್ತು ವಿಲೇವಾರಿ

ಪ್ರಷ್ಯನ್ ನೀಲಿಗೆ ಕ್ಷಾರ ಆಗದು. ಕ್ಷಾರಯುಕ್ತ ಗಡಸು ನೀರಿನಲ್ಲಿ ಬಹಳ ಹೊತ್ತು ನೆನೆಸಿದರೆ ನೀಲಿ ಮಾಸುತ್ತದೆ. ಬೋರ್‌ವೆಲ್ ನೀರನ್ನೇ ನಂಬಿರುವ ಗ್ರಾಮಗಳಲ್ಲಿ ಇದನ್ನು ಗಮನಿಸಬೇಕು. ದ್ರಾವಣ ಮಾಡಲು ಬೇಕಾದ 200 ಮಿ.ಲೀ. ನೀರನ್ನು ಶುದ್ಧ ಕುಡಿಯುವ ನೀರಿನ ಘಟಕದಿಂದ ತರಬೇಕು. ತೊಳೆಯಲು ನಲ್ಲಿಯ ನೀರನ್ನೇ ಬಳಸಬಹುದು. ಆದರೆ ಆಗತಾನೇ ಬ್ಲೀಚಿಂಗ್ ಪೌಡರ್ ಹಾಕಿದ ಟ್ಯಾಂಕಿನ ನೀರು ಬೇಡ. ಪರೀಕ್ಷೆಯ ಹಾಳೆಯಲ್ಲಿ ನೀಲಿ ಮಾಸಿದರೆ ಒಂದು ಟಬ್ಬು ನೀರಿಗೆ ಅರ್ಧ ಲಿಂಬೆಹಣ್ಣಿನ ರಸ ಸೇರಿಸಿದರೆ ಸಾಕು. ಲಿಂಬೆಯ ಆಮ್ಲ ದುರ್ಬಲವಾದದ್ದು. ತಣ್ಣೀರಿನಲ್ಲಿ ಇಷ್ಟು ಅಲ್ಪ ಪ್ರಮಾಣದಿಂದ ಮೇಲೆ ಹೇಳಿದ ಅಪಾಯವಿಲ್ಲ. ಆದರೂ ಲಿಂಬೆಯ ಬದಲಿಗೆ ಬೇರೆ ಆಮ್ಲ ಬಳಸಲು ಯಾರಿಗೂ ಆಸ್ಪದ ಕೊಡಬಾರದು.

ಹರಿಯುವ ನಲ್ಲಿಯ ಕೆಳಗೆ ಒಂದೊಂದೇ ಹಾಳೆ ತೊಳೆಯುವುದು ಬೇಸಿಗೆಯಲ್ಲಿ ನೀರಿನ ಅಪವ್ಯಯ. ಅದರ ಬದಲು 10 ಲೀಟರ್ ನೀರಿನ ಮೂರು ಟಬ್ಬುಗಳನ್ನು ಸಾಲಾಗಿಟ್ಟು, ಹಾಳೆಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು. ಮೊದಲ ಟಬ್ಬಿನಲ್ಲಿಯೇ ಬಹುಪಾಲು ಲವಣ ಬಿಡುತ್ತದೆ. ಒಟ್ಟು 30 ಲೀಟರ್ ನೀರಿನಲ್ಲಿ ಮೂವತ್ತು ಹಾಳೆಗಳನ್ನು ತೊಳೆಯಬಹುದು.

ತೊಳೆದ ನೀರನ್ನು ಎಲ್ಲಿ ಚೆಲ್ಲಬೇಕು ಎಂಬುದನ್ನು ಸದಸ್ಯರು ತಪ್ಪದೆ ಕೇಳಬೇಕು. ನೀರಿನಲ್ಲಿ ಕರಗಿದ ಫೆರಿಸೈನೈಡ್ ಬಹುಕಾಲ ಬಿಸಿಲಿಗೆ ಬಿದ್ದರೆ ಅದರ ಬಂಧ ನಿಧಾನವಾಗಿ ಸಡಿಲಗೊಂಡು ಅಲ್ಪ ಪ್ರಮಾಣದಲ್ಲಿ ಸೈನೈಡ್ ಬಿಡುಗಡೆಯಾಗುತ್ತದೆ. ಅದು ಮೀನುಗಳಿಗೆ ಮಾರಕ. ಆದ್ದರಿಂದ ಈ ನೀರನ್ನು ತೆರೆದ ಟಬ್ಬಿನಲ್ಲಿ ಬಿಸಿಲಿಗೆ ಬಿಡಬಾರದು. ಕೆರೆ, ಹಳ್ಳ, ತೆರೆದ ಬಾವಿ, ದನಗಳು ನೀರು ಕುಡಿಯುವ ತೊಟ್ಟಿ, ಬೋರ್‌ವೆಲ್ ಮರುಪೂರಣ ಗುಂಡಿ, ಇವುಗಳ ಸಮೀಪ ಚೆಲ್ಲಬಾರದು. ತಾಲ್ಲೂಕಿನ ಹಳ್ಳಗಳ ನೀರು ಅಮರ್ಜಾ ನದಿಯನ್ನು ಸೇರಿ ಮುಂದೆ ಭೀಮೆಗೆ ಹೋಗುತ್ತದೆ ಎಂಬುದು ನೆನಪಿರಲಿ. ಬೇಸಿಗೆಯಲ್ಲಿ ಎರೆಭೂಮಿಯ ಬಿರುಕುಗಳಿಗೆ ಚೆಲ್ಲಿದ ನೀರು ಬೇಗನೆ ಆಳಕ್ಕಿಳಿಯುವುದರಿಂದ ಹೊಲದ ಬದುವೂ ಯೋಗ್ಯ ಸ್ಥಳವಲ್ಲ.

ಮೂವತ್ತು ಹಾಳೆಗಳ ಮಟ್ಟದ ಅಲ್ಪ ಪ್ರಮಾಣಕ್ಕೆ ಅನುಸರಿಸಬಹುದಾದ ಕ್ರಮ ಹೀಗಿದೆ. ಉಳಿದ ಮಿಶ್ರಣವನ್ನು ಚೆಲ್ಲದೆ ಹಳೆಯ ಹಾಳೆಗಳಿಗೆ ಬಳಿದು ಬಿಸಿಲಿಗಿಟ್ಟರೆ ಅದರ ಬಹುಪಾಲು ಕರಗದ ನೀಲಿಯಾಗಿ ಕಾಗದದಲ್ಲಿಯೇ ಉಳಿಯುತ್ತದೆ. ತೊಳೆದ ನೀರನ್ನು ಅದೇ ದಿನ ಶಾಲೆಯ ಅಥವಾ ಅರಿವು ಕೇಂದ್ರದ ಶೌಚಾಲಯದ ಮೂಲಕ ಸೆಪ್ಟಿಕ್ ಟ್ಯಾಂಕಿಗೆ, ಹೆಚ್ಚು ನೀರಿನೊಂದಿಗೆ ಬಿಡಬೇಕು. ಆ ದಿನ ಹಾಗೂ ಮರುದಿನ ಆ ಶೌಚಾಲಯವನ್ನು ಆಮ್ಲದಿಂದ ತೊಳೆಯಬಾರದೆಂದು ಸ್ವಚ್ಛತಾ ಸಿಬ್ಬಂದಿಗೆ ಮೊದಲೇ ತಿಳಿಸಿರಬೇಕು. ಬಳಸದೆ ಉಳಿದ ಪುಡಿಯನ್ನು ಕಸದ ವಾಹನಕ್ಕೆ ಹಾಕದೆ, ರಸಾಯನಶಾಸ್ತ್ರ ಪ್ರಯೋಗಾಲಯವಿರುವ ಕಾಲೇಜಿಗೆ ಸ್ವೀಕೃತಿ ಪಡೆದು ಒಪ್ಪಿಸಬೇಕು. ತಾಲ್ಲೂಕಿನ ಕಡಗಂಚಿಯಲ್ಲಿಯೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿರುವುದರಿಂದ ಈ ಬಗ್ಗೆ ತಜ್ಞರ ಸಲಹೆ ಕೇಳಲೂ ಅವಕಾಶವಿದೆ.

ಎಲೆಗಳ ಆಯ್ಕೆ ಮತ್ತು ಜೀವವೈವಿಧ್ಯ ದಾಖಲಾತಿ

ಬೇವು, ಬನ್ನಿ, ಹುಣಸೆ, ಪತ್ರಿ, ಉತ್ತರಾಣಿ, ಕರಿಕೆ ಮುಂತಾದವುಗಳ ಎಲೆಗಳಿಂದ ಅಚ್ಚು ಬಹಳ ಚೆನ್ನಾಗಿ ಬರುತ್ತದೆ. ತೊಗರಿಯ ಎಲೆ, ಹೂವು, ಕಾಯಿಗಳೂ ಒಪ್ಪುತ್ತವೆ. ‘ಗುಲಬರ್ಗಾ ತೊಗರಿ’ಗೆ ಭೌಗೋಳಿಕ ಸೂಚ್ಯಂಕ ದೊರೆತಿರುವ ವಿಷಯವನ್ನು ಮಕ್ಕಳಿಗೆ ತಿಳಿಸಲು ಅದೊಂದು ಸಂದರ್ಭವಾಗಬಲ್ಲದು. ಆದರೆ ಕಾಯಿಕೊರಕ ಹುಳುವಿಗೆ ಔಷಧ ಸಿಂಪಡಿಸಿದ ಹೊಲದಿಂದ ಎಲೆ ಕೀಳಬಾರದು. ಎಕ್ಕೆಯ ಹಾಲು ಕಣ್ಣಿಗೆ ತೀವ್ರ ಹಾನಿಕರ. ಕಾಂಗ್ರೆಸ್ ಕಸ ಚರ್ಮಕ್ಕೆ ತುರಿಕೆ ತರುತ್ತದೆ. ಕಣಗಿಲೆ ಮತ್ತು ದತ್ತೂರಿ ವಿಷಸಸ್ಯಗಳು. ಈ ನಾಲ್ಕನ್ನೂ ಮಕ್ಕಳ ಕೈಗೆ ಕೊಡಬಾರದು.

ಜೀವವೈವಿಧ್ಯ ಅಧಿನಿಯಮ 2002ರ ಪ್ರಕರಣ 41ರ ಅನ್ವಯ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಆ ಸಮಿತಿಯ ಮುಖ್ಯ ಕೆಲಸ. ದಾಖಲಾತಿ ಎಂಬುದು ಒಮ್ಮೆ ಬರೆದು ಕಪಾಟಿನಲ್ಲಿಡುವ ಪುಸ್ತಕವಲ್ಲ, ಕಾಲಕಾಲಕ್ಕೆ ಪರಿಷ್ಕರಿಸಬೇಕಾದದ್ದು. ಸೈನೋಟೈಪ್ ಅಚ್ಚಿನಲ್ಲಿ ಎಲೆಯ ಆಕಾರ ಮತ್ತು ಅಳತೆ ಇದ್ದದ್ದು ಇದ್ದಂತೆ ಮೂಡುವುದರಿಂದ, ಮಕ್ಕಳು ತೆಗೆದ ಅಚ್ಚುಗಳು ಆ ದಾಖಲಾತಿಗೆ ಪೂರಕವಾಗಬಲ್ಲವು. ಪ್ರತಿ ಅಚ್ಚಿನ ಹಿಂದೆ ಸಸ್ಯದ ಸ್ಥಳೀಯ ಹೆಸರು, ದೊರೆತ ಸ್ಥಳ, ದಿನಾಂಕ ಬರೆಯಿಸಬೇಕು. ಬಣ್ಣ, ಬೇರು, ತೊಗಟೆಗಳ ವಿವರ ಇದರಲ್ಲಿ ಬಾರದ ಕಾರಣ ಇದು ಛಾಯಾಚಿತ್ರಕ್ಕಾಗಲಿ ಒಣಗಿಸಿದ ಮಾದರಿಗಾಗಲಿ ಪರ್ಯಾಯವಲ್ಲ. ನಾಟಿ ವೈದ್ಯರು ಹೇಳಿದ ಔಷಧಿ ಬಳಕೆಯನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಿಸಬಾರದು, ಪ್ರದರ್ಶನಕ್ಕೂ ಇಡಬಾರದು.

ಸಿದ್ಧವಾದ ಅಚ್ಚುಗಳನ್ನು ನೇರ ಬಿಸಿಲು ಬೀಳದ ಗೋಡೆಗೆ ಹಾಕಬೇಕು. ಬಹುಕಾಲದ ಬೆಳಕಿಗೆ ನೀಲಿ ಸ್ವಲ್ಪ ಮಾಸಿದರೂ, ಕೆಲದಿನ ಕತ್ತಲಲ್ಲಿಟ್ಟರೆ ಬಹುಮಟ್ಟಿಗೆ ಮರಳಿ ಬರುವುದು ಈ ಬಣ್ಣದ ಒಂದು ವಿಶೇಷ.

ಅವಘಡವಾದಲ್ಲಿ

ಚರ್ಮಕ್ಕೆ ತಾಗಿದರೆ ಸಾಬೂನು, ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆಯುತ್ತ, ನಂತರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು. ನುಂಗಿದ್ದರೆ ಬಾಯಿ ಮುಕ್ಕಳಿಸಿ, ವಾಂತಿ ಮಾಡಿಸಲು ಯತ್ನಿಸದೆ, ಕೂಡಲೇ 108ಕ್ಕೆ ಕರೆ ಮಾಡಬೇಕು. ಬಾಟಲಿಯ ಲೇಬಲ್‌ನ್ನು ವೈದ್ಯರಿಗೆ ತೋರಿಸಬೇಕು. ‘ಸೈನೈಡ್ ಕುಡಿದಿದೆ’ ಎಂದು ಗಾಬರಿ ಹಬ್ಬಿಸುವುದರಿಂದ ಚಿಕಿತ್ಸೆ ದಾರಿ ತಪ್ಪಬಹುದು. ರಾಸಾಯನಿಕದ ಪೂರ್ಣ ಹೆಸರನ್ನೇ ಹೇಳಬೇಕು.

ಠರಾವಿನಲ್ಲಿ ಇರಬೇಕಾದ ಅಂಶಗಳು

ಅನುಮತಿ ನೀಡುವ ಠರಾವಿನಲ್ಲಿ ಕೆಳಗಿನ ಷರತ್ತುಗಳನ್ನು ನಮೂದಿಸುವುದು ಸೂಕ್ತ:

1. ಹೊಣೆ ಹೊತ್ತ ವಿಜ್ಞಾನ ಶಿಕ್ಷಕರ ಹಾಗೂ ಕೀಲಿ ಇಟ್ಟುಕೊಳ್ಳುವವರ ಹೆಸರು.
2. ಎರಡು ರಾಸಾಯನಿಕಗಳ ಪೂರ್ಣ ಹೆಸರು, ಸಿಎಎಸ್ ಸಂಖ್ಯೆ ಮತ್ತು ಗ್ರಾಂಗಳಲ್ಲಿ ಪ್ರಮಾಣ. ಮೂರನೆಯ ರಾಸಾಯನಿಕಕ್ಕೆ ಅನುಮತಿ ಇಲ್ಲ ಎಂಬ ಉಲ್ಲೇಖ.
3. ಮಕ್ಕಳ ಸಂಖ್ಯೆಗೆ ತಕ್ಕ ಅಳತೆಯ ಕೈಗವಸುಗಳ ವೆಚ್ಚ. ದೊಡ್ಡವರ ಕೈಗವಸು ಮಗುವಿನ ಕೈಯಲ್ಲಿ ನಿಲ್ಲದು.
4. ಹೊರಾಂಗಣದ ಕೆಲಸ ಬೆಳಿಗ್ಗೆ 10 ಗಂಟೆಯೊಳಗೆ ಮುಗಿಯಬೇಕೆಂಬ ನಿಬಂಧನೆ.
5. ತೊಳೆದ ನೀರು ಬಿಡುವ ಸ್ಥಳ, ಮತ್ತು ಸ್ವಚ್ಛತಾ ಸಿಬ್ಬಂದಿಗೆ ಮುಂಚಿತ ಸೂಚನೆ.
6. ಪಾಲಕರ ಲಿಖಿತ ಒಪ್ಪಿಗೆ.
7. ಶಿಬಿರ ಮುಗಿದ ಏಳು ದಿನಗಳೊಳಗೆ ಉಳಿಕೆ ರಾಸಾಯನಿಕದ ಲೆಕ್ಕವನ್ನು ಪಂಚಾಯತಿಗೆ ಒಪ್ಪಿಸುವುದು.

ಈ ಏಳರಲ್ಲಿ ಯಾವುದಕ್ಕೂ ದೊಡ್ಡ ವೆಚ್ಚವಿಲ್ಲ. ಸಭೆಯಲ್ಲಿ ಹತ್ತು ನಿಮಿಷದ ಚರ್ಚೆ ಬೇಕು ಅಷ್ಟೆ. ಆಯಾ ವಾರ್ಡಿನ ಸದಸ್ಯರು ಶಿಬಿರದ ದಿನ ಅರ್ಧ ಗಂಟೆ ಸ್ಥಳದಲ್ಲಿದ್ದು, ಬಾಟಲಿಗಳ ಲೇಬಲ್, ಮಕ್ಕಳ ಕೈಗವಸು ಮತ್ತು ತೊಳೆದ ನೀರಿನ ಟಬ್ಬು, ಈ ಮೂರನ್ನು ನೋಡಿದರೆ ಠರಾವು ಕಾಗದದ ಮೇಲೆಯೇ ಉಳಿಯದೆ ಜಾರಿಯಾಗುತ್ತದೆ.